ಚಿಕಿತ್ಸೆಯೂ ಎಳೆಯರ ಸಮ್ಮತಿಯೂ

ಶ್ರೀಮಧ್ವನವಮಿಯ ದಿನಗಳಲ್ಲಿ ನಮ್ಮ ದೇವಸ್ಥಾನಗಳಲ್ಲಿ ಸುಮಧ್ವವಿಜಯದ ಪಾರಾಯಣವೂ ಪ್ರವಚನವೂ ನಡೆಯುವುದು ರೂಢಿ. ನಾರಾಯಣ ಪಂಡಿತಾಚಾರ್ಯರ ಆ ಮಹಾಕಾವ್ಯದ ನಾಲ್ಕನೆಯ ಸರ್ಗಕ್ಕೆ ಬಂದಾಗ ಶ್ರೋತೃಗಳಲ್ಲಿ ತಾಯಂದಿರು ಕಣ್ಣೊರೆಸಿಕೊಳ್ಳುವುದನ್ನು ನಾವು ಬಾಲ್ಯದಿಂದಲೂ ಕಂಡಿದ್ದೇವೆ. ಪಾಜಕದ ವಾಸುದೇವನು ಎಳೆಯ ವಯಸ್ಸಿನಲ್ಲಿಯೇ ಸಂನ್ಯಾಸವನ್ನು ಬಯಸಿ, ಉಡುಪಿಗೆ ಬಂದು, ಅಚ್ಯುತಪ್ರೇಕ್ಷರನ್ನು ಆಶ್ರಯಿಸಿದ ಪ್ರಸಂಗವದು. ತಂದೆ ಮಧ್ಯಗೇಹ ಭಟ್ಟರು ಓಡಿ ಬರುತ್ತಾರೆ, ಬೇಡುತ್ತಾರೆ, ಕೊನೆಗೆ ಮಗನಿಗೇ ನಮಸ್ಕರಿಸುತ್ತಾರೆ. ಹಿರಿಯರು ಕಿರಿಯರಿಗೆ ನಮಸ್ಕರಿಸುವುದು ಆ ಕಿರಿಯನು ಯತಿಯಾಗಿದ್ದರೆ ಮಾತ್ರ ಸಲ್ಲುವುದರಿಂದ ಇದುವೇ ಅನುಜ್ಞೆಯಾಯಿತೆಂದು ಮಗನು ಹೇಳುತ್ತಾನೆ. ಆದರೂ ಮುಪ್ಪಿನಲ್ಲಿ ತಂದೆತಾಯಿಗಳನ್ನು ನೋಡಿಕೊಳ್ಳುವವರು ಬೇಕೆಂಬ ಮಾತಿಗೆ ಬೆಲೆಯಿತ್ತು, ಒಬ್ಬ ತಮ್ಮನು ಹುಟ್ಟುವವರೆಗೆ ಕಾಯಲು ಒಪ್ಪುತ್ತಾನೆ. ತಾಯಿಯ ಒಪ್ಪಿಗೆಯನ್ನೂ ಪಡೆದ ಮೇಲೆಯೇ ಕಾಷಾಯವನ್ನು ಧರಿಸುತ್ತಾನೆ. ಇಲ್ಲಿ ತಂದೆ ಮಾತನಾಡಿದರು, ತಾಯಿ ಮಾತನಾಡಿದರು, ಹುಡುಗನೂ ಮಾತನಾಡಿದನು. ಅವತಾರಪುರುಷರಿಗೆ ಅನುಮತಿಯ ಅಗತ್ಯವೇನಿತ್ತು ಎಂದು ಕೇಳುವವರಿದ್ದಾರೆ. ಅಗತ್ಯವಿಲ್ಲದಿದ್ದರೂ ಅವರು ಕೇಳಿದರು ಎಂಬುದೇ ನಮಗೆ ಮುಖ್ಯವಾದದ್ದು.

ಈಚೆಗೆ ಇದೇ ಪ್ರಸಂಗದ ಪ್ರವಚನವಾದ ಮೇಲೆ, ತೀರ್ಥದ ಸಾಲಿನಲ್ಲಿ ನಿಂತಿದ್ದ ಪದವಿಪೂರ್ವ ತರಗತಿಯ ವಿದ್ಯಾರ್ಥಿಯೊಬ್ಬನು ನಮ್ಮೊಡನೆ, “ಭಟ್ರೇ, ಸಂನ್ಯಾಸಕ್ಕೆ ಅವರ ಮಾತು ಕೇಳಿದರು. ನನ್ನ ಮೂಗಿನ ಆಪರೇಷನ್ನಿಗೆ ನನ್ನನ್ನು ಯಾರೂ ಕೇಳಲಿಲ್ಲ, ತೋರಿಸಿಕೊಂಡು ಬರುವ ಎಂದು ಹೇಳಿ ಕರೆದುಕೊಂಡು ಹೋದರು” ಎಂದನು. ಸುತ್ತಲಿದ್ದವರು ನಕ್ಕರು. ಹುಡುಗನು ನಗಲಿಲ್ಲ. ಅವನ ಶಸ್ತ್ರಚಿಕಿತ್ಸೆ ಸಫಲವಾಗಿದೆ, ಈಗ ಉಸಿರಾಟ ಸುಗಮವಾಗಿದೆ, ಅವನಿಗೆ ಅದರಲ್ಲಿ ದೂರಿಲ್ಲ. ದೂರಿರುವುದು ಕೇಳದೆ ಹೋದುದರಲ್ಲಿ. ಈ ದೂರು ನ್ಯಾಯವೋ, ಎಳೆತನದ ಮುನಿಸೋ ಎಂಬುದೇ ಪ್ರಕೃತ ವಿಚಾರ.

ಹಂಪನಕಟ್ಟೆಯಲ್ಲಿ ವಾಸಿಸುವವರಿಗೆ ಆಸ್ಪತ್ರೆಯೆಂಬುದು ದೂರದ ವಸ್ತುವಲ್ಲ. 1848 ರಲ್ಲಿ ಆರಂಭವಾಗಿ ಮುಂದೆ ಮದರಾಸಿನ ಗವರ್ನರರೊಬ್ಬರ ಹೆಸರನ್ನು ಪಡೆದ ವೆನ್‌ಲಾಕ್ ಆಸ್ಪತ್ರೆ ಇಲ್ಲಿಯೇ ಇದೆ. ತಾಯಿಮಕ್ಕಳ ಆಸ್ಪತ್ರೆಯಾದ ಲೇಡಿಗೋಷನ್ ಕೂಗಳತೆಯ ದೂರದಲ್ಲಿದೆ. 1950ರ ದಶಕದಿಂದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳು ವೆನ್‌ಲಾಕಿನ ವಾರ್ಡುಗಳಲ್ಲಿ ಕಲಿಯುತ್ತ ಬಂದಿದ್ದಾರೆ. ಖಾಸಗಿ ಚಿಕಿತ್ಸಾಲಯಗಳಿಗೂ ಮದ್ದಿನಂಗಡಿಗಳಿಗೂ ಲೆಕ್ಕವಿಲ್ಲ. ಕಾಸರಗೋಡು, ಪುತ್ತೂರು, ಸುಳ್ಯ, ಮಡಿಕೇರಿಗಳಿಂದ ಬಸ್ಸಿಳಿದವರು ಕೈಯಲ್ಲಿ ಕ್ಷಕಿರಣದ ದೊಡ್ಡ ಲಕೋಟೆಯನ್ನು ಹಿಡಿದು ದಾರಿ ಕೇಳುವುದು ನಮಗೆ ದಿನನಿತ್ಯದ ದೃಶ್ಯ. ಅವರಲ್ಲಿ ಕೆಲವರು ಮೊದಲು ದೇವಸ್ಥಾನಕ್ಕೆ ಬರುತ್ತಾರೆ. ಶಸ್ತ್ರಚಿಕಿತ್ಸೆಗೆ ದಿನ ನೋಡಿಸುತ್ತಾರೆ, ಹರಕೆ ಹೇಳಿಕೊಳ್ಳುತ್ತಾರೆ. ನಮ್ಮ ತೀರ್ಥರೂಪರು ಸಂಕಲ್ಪಕ್ಕಾಗಿ ಹೆಸರು, ನಕ್ಷತ್ರ, ರಾಶಿ ಕೇಳುವಾಗ ಹೇಳುವವರು ತಂದೆಯೋ ತಾಯಿಯೋ. ಯಾರ ಹೆಸರಿನಲ್ಲಿ ಸಂಕಲ್ಪವೋ ಅವನು ಅಥವಾ ಅವಳು, ಹದಿನಾಲ್ಕು ಹದಿನೈದರ ಪ್ರಾಯದವರು, ಕಂಬಕ್ಕೊರಗಿ ನಿಂತಿರುತ್ತಾರೆ.

ವೈದ್ಯರ ಕೋಣೆಯಲ್ಲಿಯೂ ಹೀಗೆಯೇ. ನೋವು ಎಲ್ಲಿ ಎಂದು ವೈದ್ಯರು ಹುಡುಗನ ಮುಖ ನೋಡಿ ಕೇಳಿದರೆ ತಾಯಿ ಉತ್ತರಿಸುತ್ತಾರೆ. ಎಷ್ಟು ದಿನದಿಂದ ಎಂದರೆ ತಂದೆ ಉತ್ತರಿಸುತ್ತಾರೆ. ಹೊರಗಿನ ತಿಂಡಿ ತಿಂದದ್ದುಂಟೇ ಎಂದರೆ ಇಬ್ಬರೂ ಸೇರಿ ಇಲ್ಲವೆನ್ನುತ್ತಾರೆ. ತಿಂದದ್ದನ್ನು ಬಲ್ಲವನೊಬ್ಬನೇ ಅಲ್ಲಿ ನೆಲ ನೋಡುತ್ತಿರುತ್ತಾನೆ.

ಹೀಗೆ ಬರೆದ ಮಾತ್ರಕ್ಕೆ ತಂದೆತಾಯಿಗಳನ್ನು ದೂಷಿಸುವುದು ನಮ್ಮ ಉದ್ದೇಶವೆಂದು ಯಾರೂ ಭಾವಿಸಬಾರದು. ರಾತ್ರಿಯಿಡೀ ಹಾಸಿಗೆಯ ಬಳಿ ಕುಳಿತಿರುವವರು ಅವರು, ಬಿಲ್ಲು ಕಟ್ಟುವವರು ಅವರು, ಏನಾದರೂ ಹೆಚ್ಚುಕಡಿಮೆಯಾದರೆ ಬಾಳಿನುದ್ದಕ್ಕೂ ಕೊರಗುವವರೂ ಅವರೇ. ಮಗುವಿಗೆ ಮೊದಲೇ ಹೇಳಿದರೆ ಹೆದರೀತು, ಊಟ ಬಿಟ್ಟೀತು ಎಂಬ ವಾತ್ಸಲ್ಯವೇ ಅನೇಕ ಸಲ ಈ ಮೌನಕ್ಕೆ ಕಾರಣ. ಚುಚ್ಚುಮದ್ದಿಗೆ ಹೆದರಿ ಬೇಡವೆನ್ನುವ ಮಗುವಿನ ಮಾತನ್ನು ಹಾಗೆಯೇ ನಡೆಸಿಕೊಟ್ಟಿದ್ದರೆ ನಮ್ಮಲ್ಲಿ ಎಷ್ಟು ಮಂದಿ ಇಂದು ಬದುಕಿರುತ್ತಿದ್ದೆವು! ಆದರೆ ಐದು ವರ್ಷದ ಕೂಸಿಗೂ ಹದಿನಾರು ವರ್ಷದ ತರುಣನಿಗೂ ಒಂದೇ ಅಳತೆಗೋಲನ್ನು ಹಿಡಿಯುವುದು ನಮ್ಮ ಶಾಸ್ತ್ರಕಾರರಿಗೆ ಒಪ್ಪಿಗೆಯಾಗಿದ್ದಿತೇ?

ಇರಲಿಲ್ಲ. ನಾರದಸ್ಮೃತಿಯು ಎಂಟು ವರ್ಷದವರೆಗಿನ ಮಗುವನ್ನು ಗರ್ಭಸ್ಥ ಶಿಶುವಿಗೆ ಹೋಲಿಸುತ್ತದೆ. ಅಲ್ಲಿಂದ ಹದಿನಾರರವರೆಗೆ ಬಾಲನೆನ್ನುತ್ತದೆ. ಅನಂತರ ವ್ಯವಹಾರವನ್ನು ಬಲ್ಲವನೆಂದು ಗಣಿಸುತ್ತದೆ. ಪ್ರಾಯಶ್ಚಿತ್ತದ ಪ್ರಕರಣದಲ್ಲಿ ಹದಿನಾರು ತುಂಬದವರಿಗೂ ಎಂಬತ್ತು ದಾಟಿದವರಿಗೂ ಅರ್ಧ ಪ್ರಾಯಶ್ಚಿತ್ತವನ್ನು ವಿಧಿಸಲಾಗಿದೆ. ಪೂರ್ಣವೂ ಅಲ್ಲ, ಶೂನ್ಯವೂ ಅಲ್ಲ, ಅರ್ಧ. ಏಕಾದಶಿಯ ಉಪವಾಸಕ್ಕೆ ಎಂಟು ವರ್ಷ ಕಳೆದವರನ್ನು ಅಧಿಕಾರಿಗಳೆಂದು ಹೇಳಿದೆ. ಹೊಣೆಯು ಏಣಿಯ ಮೆಟ್ಟಿಲುಗಳಂತೆ ಏರುತ್ತ ಬರುತ್ತದೆಯೇ ಹೊರತು ಒಂದು ಹುಟ್ಟುಹಬ್ಬದ ಬೆಳಗ್ಗೆ ಆಕಾಶದಿಂದ ಇಳಿಯುವುದಿಲ್ಲ. ಉಪನಯನದಲ್ಲಿ ಸಹ ತನ್ನನ್ನು ಬ್ರಹ್ಮಚರ್ಯಕ್ಕೆ ಸ್ವೀಕರಿಸಬೇಕೆಂದು ಆಚಾರ್ಯನನ್ನು ಬೇಡುವವನು ವಟುವೇ. ಅವನ ಪರವಾಗಿ ತಂದೆ ಬೇಡುವುದಿಲ್ಲ. ಪುರೋಹಿತರು ಹೇಳಿಕೊಟ್ಟದ್ದನ್ನು ಎಂಟು ವರ್ಷದ ವಟುವು ಗಿಳಿಯಂತೆ ಒಪ್ಪಿಸುತ್ತಾನೆ ಎಂಬುದು ನಿಜ. ಆದರೂ ಆ ಮಾತು ಅವನ ಬಾಯಿಂದಲೇ ಬರಬೇಕೆಂದು ವಿಧಿಸಿದವರು ಏನನ್ನೋ ಬಲ್ಲವರಾಗಿರಬೇಕು.

ಪ್ರಾಚೀನ ವೈದ್ಯಶಾಸ್ತ್ರದ ಕಡೆಗೆ ತಿರುಗಿದರೆ ಎರಡು ಬಗೆಯ ಮಾತುಗಳು ಸಿಗುತ್ತವೆ. ಉದರರೋಗದಲ್ಲಿ ಪ್ರಾಣಾಪಾಯವುಳ್ಳ ಚಿಕಿತ್ಸೆಯನ್ನು ಕೈಗೊಳ್ಳುವ ಮೊದಲು ಚರಕನು ವೈದ್ಯನಿಗೆ ಒಂದು ಎಚ್ಚರಿಕೆಯನ್ನು ಹೇಳುತ್ತಾನೆ: ಜ್ಞಾತಿಗಳು, ಮಿತ್ರರು, ಪತ್ನಿ, ಬ್ರಾಹ್ಮಣರು, ರಾಜ, ಗುರು ಇವರಿಗೆ ಸಂಶಯವನ್ನು ಸ್ಪಷ್ಟವಾಗಿ ತಿಳಿಸಿ ಅನುಜ್ಞೆಯನ್ನು ಪಡೆಯಬೇಕು. ಸುಶ್ರುತನೂ ಮೂತ್ರಕೋಶದ ಕಲ್ಲನ್ನು ತೆಗೆಯುವ ಶಸ್ತ್ರಕರ್ಮಕ್ಕೆ ಮೊದಲು ಒಡೆಯನನ್ನು ಕೇಳಿಕೊಳ್ಳಬೇಕೆನ್ನುತ್ತಾನೆ. ರೋಗಿಯು ಒಂಟಿ ವ್ಯಕ್ತಿಯಲ್ಲ, ಒಂದು ಕುಟುಂಬದವನು ಎಂಬ ಭಾವನೆ ಇಲ್ಲಿ ಎದ್ದು ಕಾಣುತ್ತದೆ. ಇಂದಿಗೂ ನಮ್ಮ ಮನೆಗಳಲ್ಲಿ ಸೋದರಮಾವನನ್ನು ಕೇಳದೆ ಶಸ್ತ್ರಚಿಕಿತ್ಸೆಯ ದಿನ ನಿಶ್ಚಯವಾಗುವುದಿಲ್ಲ. ಆದರೆ ಅದೇ ಚರಕನು ಚಿಕಿತ್ಸೆಯ ನಾಲ್ಕು ಪಾದಗಳಲ್ಲಿ ರೋಗಿಯನ್ನೂ ಒಂದು ಪಾದವೆಂದೇ ಎಣಿಸಿ, ಅವನಿಗಿರಬೇಕಾದ ಗುಣಗಳಲ್ಲಿ ತನ್ನ ರೋಗವನ್ನು ತಾನೇ ತಿಳಿಸಬಲ್ಲ ಶಕ್ತಿಯನ್ನೂ ಸೇರಿಸಿದ್ದಾನೆ. ಹೇಳಬೇಕಾದವನ ಬಾಯನ್ನು ಮುಚ್ಚಿಸಿ ಬೇರೆಯವರು ಹೇಳತೊಡಗಿದರೆ ಮಂಚಕ್ಕೆ ಮೂರೇ ಕಾಲು.

ಇನ್ನು ನಮ್ಮ ಸಿದ್ಧಾಂತ. ಶ್ರೀಮದಾಚಾರ್ಯರ ಮತದಲ್ಲಿ ಜೀವಜೀವರಿಗೆ ಭೇದವು ಸತ್ಯ. ಪಂಚಭೇದಗಳಲ್ಲಿ ಅದೂ ಒಂದು. ಮಗನು ತಂದೆಯ ಅಂಶವೆಂದು ಲೋಕವ್ಯವಹಾರದಲ್ಲಿ ಹೇಳಿದರೂ ತಂದೆಯ ಜೀವ ಬೇರೆ, ಮಗನ ಜೀವ ಬೇರೆ. ಪ್ರತಿಯೊಂದು ಜೀವಕ್ಕೂ ತನ್ನದೇ ಆದ ಸ್ವರೂಪವಿದೆ. ಆ ಸ್ವರೂಪಕ್ಕೆ ಸೇರಿದ ಇಂದ್ರಿಯವೇ ಸಾಕ್ಷಿ. ಸುಖದುಃಖಗಳನ್ನು ಅರಿಯುವುದು ಈ ಸಾಕ್ಷಿಯಿಂದ. ಕಣ್ಣು ಹಗ್ಗವನ್ನು ಹಾವೆಂದು ಕಂಡು ಮೋಸಹೋದೀತು. ಆದರೆ ‘ನನಗೆ ನೋವಾಗುತ್ತಿದೆಯೋ ಇಲ್ಲವೋ’ ಎಂಬ ಸಂಶಯ ಯಾರಿಗೂ ಎಂದೂ ಬರುವುದಿಲ್ಲ. ಸಾಕ್ಷಿಯ ಅರಿವು ಅಷ್ಟು ದೃಢ.

ಈ ತತ್ತ್ವವನ್ನು ಪಾಠಶಾಲೆಯಲ್ಲಿ ನಾವು ವಾದಕ್ಕಾಗಿ ಕಲಿತೆವು. ಮಾಯಾವಾದವನ್ನು ಖಂಡಿಸುವಾಗ ಅದು ಒಳ್ಳೆಯ ಆಯುಧ. ಆದರೆ ಅದನ್ನು ಆಸ್ಪತ್ರೆಯ ಮಂಚದ ಬಳಿಗೆ ತಂದರೆ ಏನಾಗುತ್ತದೆಂದು ನೋಡಬೇಕು. ಹದಿನೈದು ವರ್ಷದ ಮಗಳ ಹೊಟ್ಟೆನೋವು ತಾಯಿಗೆ ಪ್ರತ್ಯಕ್ಷವಲ್ಲ. ಎಷ್ಟೇ ಕರುಳು ಮಿಡಿದರೂ ಅದು ತಾಯಿಯ ಸಾಕ್ಷಿಗೆ ಗೋಚರವಾಗುವ ನೋವಲ್ಲ. ಮಗಳ ನೋವಿನಿಂದ ತಾಯಿಗಾಗುವ ದುಃಖ ಮಾತ್ರ ತಾಯಿಯ ಸಾಕ್ಷಿಗೆ ಗೋಚರ. ಹಾಗಾದರೆ ಮಗಳ ನೋವನ್ನು ತಾಯಿ ತಿಳಿಯುವುದು ಹೇಗೆ? ಪ್ರಮಾಣಗಳು ಮೂರು. ಪ್ರತ್ಯಕ್ಷವನ್ನು ಬಿಟ್ಟರೆ ಉಳಿಯುವುದು ಅನುಮಾನ ಮತ್ತು ಆಗಮ. ಮುಖ ಬಾಡಿದೆ, ಊಟ ಸೇರುತ್ತಿಲ್ಲ, ಆದ್ದರಿಂದ ನೋವಿರಬೇಕು ಎಂಬುದು ಅನುಮಾನ. ‘ಅಮ್ಮಾ, ಇಲ್ಲಿ ನೋಯುತ್ತದೆ’ ಎಂಬ ಮಗಳ ಮಾತು ಆಪ್ತವಾಕ್ಯ. ಆಗಮದ ಸ್ಥಾನದಲ್ಲಿ ನಿಲ್ಲತಕ್ಕದ್ದು. ಆ ಮಾತನ್ನು ಕೇಳದೆ ಹೋದರೆ ನಮ್ಮ ಕೈಯಲ್ಲಿ ಉಳಿಯುವುದು ಅನುಮಾನ ಒಂದೇ. ದೊರೆಯುವ ಪ್ರಮಾಣವನ್ನು ಬಿಟ್ಟು ಕೇವಲ ಊಹೆಯಿಂದ ನಿರ್ಣಯ ಮಾಡುವುದನ್ನು ಯಾವ ತಾರ್ಕಿಕನೂ ಮೆಚ್ಚುವುದಿಲ್ಲ.

ಇದಕ್ಕೊಂದು ಆಕ್ಷೇಪವುಂಟು. ನೋವು ಮಗಳಿಗೆ ತಿಳಿದಿರಬಹುದು, ಆದರೆ ನೋವಿನ ಕಾರಣವೂ ಪರಿಹಾರವೂ ಅವಳಿಗೆ ತಿಳಿಯದು. ಅದನ್ನು ತಿಳಿದವರು ವೈದ್ಯರು. ಆದ್ದರಿಂದ ಅವಳ ಒಪ್ಪಿಗೆಗೆ ಬೆಲೆಯೇನು? ಈ ಆಕ್ಷೇಪದ ಅರ್ಧವನ್ನು ನಾವು ಒಪ್ಪುತ್ತೇವೆ. ಕರುಳಿನ ಬಾಲ ಊದಿಕೊಂಡಿದೆಯೆಂಬುದು ಸಾಕ್ಷಿಗೆ ತೋರುವ ವಿಷಯವಲ್ಲ. ಆದರೆ ಅದು ಅವಳ ತಂದೆಗೂ ತೋರುವ ವಿಷಯವಲ್ಲವಷ್ಟೆ! ವೈದ್ಯರು ತಿಳಿಸಿದ ಮೇಲೆ ತಂದೆಯು ತಿಳಿದುಕೊಂಡು ರುಜು ಹಾಕುತ್ತಾನೆ. ತಂದೆಗೆ ತಿಳಿಸಬಹುದಾದುದನ್ನು, ಭೌತಶಾಸ್ತ್ರ ಜೀವಶಾಸ್ತ್ರಗಳನ್ನು ಓದುತ್ತಿರುವ ಮಗಳಿಗೆ ತಿಳಿಸಲಾಗದೇ? ಎಷ್ಟೋ ಮನೆಗಳಲ್ಲಿ ವೈದ್ಯರ ಇಂಗ್ಲಿಷ್ ವರದಿಯನ್ನು ತಂದೆಗೆ ಓದಿ ಹೇಳುವವಳು ಅವಳೇ.

ಇನ್ನೊಂದು ಆಕ್ಷೇಪ: ಮಕ್ಕಳು ಅಧೀನರು, ಅಧೀನರಿಗೆ ಸ್ವಂತ ಸಮ್ಮತಿ ಎಲ್ಲಿಯದು? ಇದಕ್ಕೆ ಬ್ರಹ್ಮಸೂತ್ರದ ಎರಡನೆಯ ಅಧ್ಯಾಯವೇ ಉತ್ತರ ಕೊಡುತ್ತದೆ. ಜೀವನು ಕರ್ತೃವೆಂದು ಅಲ್ಲಿ ಸಿದ್ಧಪಡಿಸಿ, ಆ ಕರ್ತೃತ್ವವು ಪರಮಾತ್ಮನ ಅಧೀನವೆಂದು ಹೇಳಿದೆ. ಅಧೀನವಾದ ಮಾತ್ರಕ್ಕೆ ಅದು ಸುಳ್ಳಾಗಲಿಲ್ಲ. ಅಧೀನತೆಯೂ ಕರ್ತೃತ್ವವೂ ಒಂದೆಡೆ ಇರಬಲ್ಲವು ಎಂಬುದೇ ನಮ್ಮ ಸಿದ್ಧಾಂತದ ಹಿರಿಮೆ. ತಂದೆಯನ್ನು ಹರಿಗೆ ಹೋಲಿಸುವುದು ಇಲ್ಲಿ ನಮ್ಮ ಅಭಿಪ್ರಾಯವಲ್ಲ. ಹರಿಯು ತಪ್ಪುವುದಿಲ್ಲ, ತಂದೆಯು ತಪ್ಪಬಹುದು. ಹಾಗಿರುವಾಗ ಕೇಳುವ ಹೊಣೆಯು ತಂದೆಗೆ ಇನ್ನಷ್ಟು ಹೆಚ್ಚು.

ದೇಶದ ಕಾನೂನು ಈ ವಿಷಯದಲ್ಲಿ ಏನು ಹೇಳುತ್ತದೆಂದು ನೋಡಿದರೆ ಸ್ವಲ್ಪ ಗೊಂದಲವೇ ಕಾಣುತ್ತದೆ. 1860ರ ಭಾರತೀಯ ದಂಡಸಂಹಿತೆಯು ಹನ್ನೆರಡು ವರ್ಷಕ್ಕಿಂತ ಕೆಳಗಿನವರ ಸಮ್ಮತಿಯನ್ನು ಸಮ್ಮತಿಯೆಂದು ಎಣಿಸುತ್ತಿರಲಿಲ್ಲ. ಅವರ ಹಿತಕ್ಕಾಗಿ ಪೋಷಕರು ಒಪ್ಪಿಗೆ ನೀಡಬೇಕಾಗಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯಸಂಹಿತೆಯೂ ಆ ಹನ್ನೆರಡರ ಗೆರೆಯನ್ನು ಉಳಿಸಿಕೊಂಡಿದೆ. ಆದರೆ 1875ರ ಪ್ರಾಪ್ತವಯಸ್ಸಿನ ಕಾಯಿದೆ ಹದಿನೆಂಟನ್ನು ಹೇಳುತ್ತದೆ. ಆಸ್ಪತ್ರೆಗಳು ಅದನ್ನೇ ಹಿಡಿದು ತಂದೆತಾಯಿಗಳ ರುಜುವನ್ನು ಕೇಳುತ್ತವೆ. ಹನ್ನೆರಡಕ್ಕೂ ಹದಿನೆಂಟಕ್ಕೂ ನಡುವಿನ ಆರು ವರ್ಷಗಳ ವಿಷಯದಲ್ಲಿ ಚಿಕಿತ್ಸೆಗೆಂದೇ ರಚಿತವಾದ ಸ್ಪಷ್ಟ ವಿಧಿ ಒಂದಿಲ್ಲ. ಇದರಲ್ಲಿ ವಿಚಿತ್ರವೂ ಉಂಟು. ಎಚ್.ಐ.ವಿ. ಪೀಡಿತ ಕುಟುಂಬಗಳಿಗಾಗಿ 2017ರಲ್ಲಿ ಆದ ಕಾಯಿದೆಯ ಪ್ರಕಾರ, ಸಂಸಾರದ ಭಾರವನ್ನು ಹೊತ್ತಿರುವ, ತಿಳಿವಳಿಕೆಯುಳ್ಳ ಹನ್ನೆರಡು ವರ್ಷದ ಅಣ್ಣನು ಅಥವಾ ಅಕ್ಕನು ತಮ್ಮತಂಗಿಯರ ಚಿಕಿತ್ಸೆಗೆ ಪೋಷಕನಾಗಿ ನಿಲ್ಲಬಹುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಂತೆ ಮಕ್ಕಳನ್ನು ಸಂಶೋಧನೆಗೆ ಸೇರಿಸಿಕೊಳ್ಳುವಾಗ ಪೋಷಕರ ಅನುಮತಿಯ ಜೊತೆಗೆ, ಏಳರಿಂದ ಹನ್ನೆರಡರ ಮಕ್ಕಳಿಂದ ಬಾಯಿಮಾತಿನ ಒಪ್ಪಿಗೆಯನ್ನೂ ಹನ್ನೆರಡರಿಂದ ಹದಿನೆಂಟರವರಿಂದ ಬರೆಹದ ಒಪ್ಪಿಗೆಯನ್ನೂ ಪಡೆಯಬೇಕು. ಹೊಸ ಮದ್ದನ್ನು ಪರೀಕ್ಷಿಸುವಾಗ ಮಗುವನ್ನು ಕೇಳಬೇಕು. ಅದೇ ಮದ್ದು ಪೇಟೆಗೆ ಬಂದ ಮೇಲೆ ಕೊಡುವಾಗ ಕೇಳಬೇಕಾಗಿಲ್ಲ!

ಕೇಳುವ ಕ್ರಮವು ತಪ್ಪಿದಾಗ ಏನಾಗುತ್ತದೆಂಬುದಕ್ಕೆ ನೆರೆರಾಜ್ಯದ ಒಂದು ನಿದರ್ಶನ ಸಾಕು. 2009ರಲ್ಲಿ, ಆಗ ಆಂಧ್ರಪ್ರದೇಶಕ್ಕೂ ಈಗ ತೆಲಂಗಾಣಕ್ಕೂ ಸೇರಿದ ಖಮ್ಮಂ ಜಿಲ್ಲೆಯಲ್ಲಿ, ಹತ್ತರಿಂದ ಹದಿನಾಲ್ಕು ವರ್ಷದ ಹೆಣ್ಣುಮಕ್ಕಳಿಗೆ ಗರ್ಭಕೊರಳಿನ ಕ್ಯಾನ್ಸರನ್ನು ತಡೆಯುವ ಲಸಿಕೆಯನ್ನು ಒಂದು ಯೋಜನೆಯಡಿ ಹಾಕಲಾಯಿತು. ಅನೇಕ ಮಕ್ಕಳು ಆಶ್ರಮಶಾಲೆಗಳಲ್ಲಿದ್ದ ಬುಡಕಟ್ಟಿನವರು. ಒಪ್ಪಿಗೆ ಪತ್ರಗಳಿಗೆ ಎಷ್ಟೋ ಕಡೆ ರುಜು ಹಾಕಿದವರು ವಾರ್ಡನ್ನರು ಮತ್ತು ಮುಖ್ಯೋಪಾಧ್ಯಾಯರು. ತಂದೆತಾಯಿಗಳನ್ನೂ ಕೇಳಲಿಲ್ಲ, ಮಕ್ಕಳನ್ನೂ ಕೇಳಲಿಲ್ಲ. 2010ರಲ್ಲಿ ಯೋಜನೆಯನ್ನು ನಿಲ್ಲಿಸಬೇಕಾಯಿತು. 2013ರಲ್ಲಿ ಸಂಸತ್ತಿನ ಸ್ಥಾಯೀ ಸಮಿತಿಯು ಕಟುವಾಗಿ ಟೀಕಿಸಿತು. ಲಸಿಕೆ ಒಳ್ಳೆಯದೇ, ಇಂದು ವೈದ್ಯರು ಅದನ್ನು ಹಾಕಿಸಿಕೊಳ್ಳಲು ಹೇಳುತ್ತಾರೆ. ಒಳ್ಳೆಯ ಮದ್ದಿನ ಮೇಲೂ ಜನರಲ್ಲಿ ಸಂಶಯ ಹುಟ್ಟಿಸುವ ಶಕ್ತಿ ಕೇಳದಿರುವಿಕೆಗೆ ಇದೆ.

ಖಮ್ಮಂ ದೂರವೆಂದು ಸುಮ್ಮನಾಗುವಂತಿಲ್ಲ. ನಮ್ಮ ಮಂಗಳೂರು ಇಂದು ಹಾಸ್ಟೆಲುಗಳ ಊರು. ಪದವಿಪೂರ್ವ ಶಿಕ್ಷಣಕ್ಕಾಗಿ ನಾಡಿನ ಎಲ್ಲೆಡೆಯಿಂದ ಹದಿನಾರು ಹದಿನೇಳರ ಮಕ್ಕಳು ಇಲ್ಲಿಗೆ ಬಂದು ನೆಲೆಸುತ್ತಾರೆ. ನಡುರಾತ್ರಿ ಹೊಟ್ಟೆನೋವು ಬಂದರೆ ಆಸ್ಪತ್ರೆಗೆ ಒಯ್ಯುವವರು ವಾರ್ಡನ್ನರು. ಪ್ರಾಣಾಪಾಯವಿದ್ದು ಯಾರ ಒಪ್ಪಿಗೆಯನ್ನೂ ಪಡೆಯುವಷ್ಟು ಸಮಯವಿಲ್ಲದಿದ್ದರೆ ಸದ್ಭಾವದಿಂದ ಚಿಕಿತ್ಸೆ ಮಾಡಿದ ವೈದ್ಯರಿಗೆ ಕಾನೂನಿನ ರಕ್ಷಣೆಯಿದೆ. ಪ್ರಾಣಾಪಾಯವಿಲ್ಲದಿದ್ದರೆ ಬಿಜಾಪುರದಿಂದಲೋ ರಾಯಚೂರಿನಿಂದಲೋ ತಂದೆ ಬರುವವರೆಗೆ ಕಾಯುತ್ತಾರೆ; ನೋವು ತಿನ್ನುವವನು ಅಲ್ಲಿಯೇ ಎಚ್ಚರವಾಗಿ ಮಲಗಿರುತ್ತಾನೆ.

ನಾವು ಬಲ್ಲ ಒಂದು ಮನೆಯ ಪ್ರಸಂಗವನ್ನು ಇಲ್ಲಿ ಹೇಳಬೇಕು. ಅಲ್ಲಿಯ ಹುಡುಗನಿಗೆ ಹನ್ನೊಂದನೆಯ ವಯಸ್ಸಿನಲ್ಲಿ ಅಪಸ್ಮಾರ ಬಂದಿತು. ಮದ್ದಿನಿಂದ ಹತೋಟಿಗೂ ಬಂದಿತು. ರೋಗದ ಹೆಸರು ತಿಳಿದರೆ ಮಗುವಿಗೆ ಕೀಳರಿಮೆಯಾದೀತು, ಊರಿಗೆ ತಿಳಿದರೆ ಮುಂದೆ ಸಂಬಂಧ ಕೂಡುವಾಗ ತೊಡಕಾದೀತು ಎಂದು ಹಿರಿಯರು ಅವನಿಗೆ ‘ಶಕ್ತಿಯ ಮಾತ್ರೆ’ ಎಂದು ಹೇಳಿಯೇ ದಿನಾಲೂ ಕೊಡುತ್ತಿದ್ದರು. ಹದಿನಾರಕ್ಕೆ ಹಾಸ್ಟೆಲಿಗೆ ಸೇರಿದ ಹುಡುಗನು, ತಾನು ಗಟ್ಟಿಮುಟ್ಟಾಗಿರುವಾಗ ಶಕ್ತಿಯ ಮಾತ್ರೆ ಏಕೆಂದು ಬಿಟ್ಟುಬಿಟ್ಟನು. ಕೆಲವೇ ದಿನಗಳಲ್ಲಿ ಸ್ನಾನಗೃಹದಲ್ಲಿ ಸೆಳವು ಬಂದು ಬಿದ್ದು ತಲೆಗೆ ಪೆಟ್ಟಾಯಿತು. ದೈವಕೃಪೆಯಿಂದ ಬದುಕಿದನು. ಆ ಮನೆಯವರಲ್ಲಿ ದುಷ್ಟರಾರೂ ಇಲ್ಲ. ಪ್ರೀತಿಯಿಂದಲೇ ಮುಚ್ಚಿಟ್ಟರು. ಆದರೆ ಆ ಹುಡುಗನು ಮಾತ್ರೆಯನ್ನು ನುಂಗುತ್ತಿದ್ದನೇ ಹೊರತು ಚಿಕಿತ್ಸೆಗೆ ಒಪ್ಪಿದ್ದನೆಂದು ಹೇಳಲು ಬರುವುದಿಲ್ಲ. ಒಪ್ಪದ ಚಿಕಿತ್ಸೆಯನ್ನು ಬಿಡಲು ಯಾರ ಅಪ್ಪಣೆಯೂ ಬೇಕಾಗಲಿಲ್ಲ.

ಹೆಣ್ಣುಮಕ್ಕಳ ವಿಷಯ ಇನ್ನೂ ಸೂಕ್ಷ್ಮವಾದುದು. ನಮ್ಮ ಎಷ್ಟೋ ಮನೆಗಳಲ್ಲಿ ತಿಂಗಳ ಮೂರು ದಿನ ಹೊರಗೆ ಕೂರುವ ಪದ್ಧತಿ ಇಂದಿಗೂ ಇದೆ. ಅವಳು ಹೊರಗಿದ್ದಾಳೆಂಬುದು ಅಜ್ಜನಿಂದ ಹಿಡಿದು ಹಾಲಿನವನವರೆಗೆ ಎಲ್ಲರಿಗೂ ತಿಳಿಯುತ್ತದೆ. ಆದರೆ ಆ ದಿನಗಳಲ್ಲಿ ಅವಳಿಗೆ ಸಹಿಸಲಾಗದ ನೋವಿದೆಯೇ, ರಕ್ತ ಹೆಚ್ಚಾಗಿ ಹೋಗಿ ತಲೆ ಸುತ್ತುತ್ತದೆಯೇ ಎಂಬುದು ಯಾರಿಗೂ ತಿಳಿಯುವುದಿಲ್ಲ. ತಾಯಿಗೆ ಹೇಳಿದರೆ, ಎಲ್ಲರಿಗೂ ಹಾಗೆಯೇ ಎಂಬ ಉತ್ತರ. ಮಡಿಯ ವಿಷಯವನ್ನು ಊರಿಗೆಲ್ಲ ತಿಳಿಯುವಂತೆ ಆಚರಿಸಬಲ್ಲ ನಾವು ಆರೋಗ್ಯದ ವಿಷಯದಲ್ಲಿ ಏಕೆ ಇಷ್ಟು ನಾಚಬೇಕೋ ತಿಳಿಯದು. 2014ರ ಜನವರಿಯಲ್ಲಿ ಕೇಂದ್ರ ಸರಕಾರವು ಹತ್ತರಿಂದ ಹತ್ತೊಂಬತ್ತು ವರ್ಷದವರಿಗಾಗಿ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮವನ್ನು ಆರಂಭಿಸಿತು. ಅದರಂತೆ ಕರ್ನಾಟಕದ ಸರಕಾರೀ ಆಸ್ಪತ್ರೆಗಳಲ್ಲಿ ‘ಸ್ನೇಹ ಕ್ಲಿನಿಕ್’ ಎಂಬ ಹೆಸರಿನಲ್ಲಿ, ಈ ಪ್ರಾಯದವರು ಸಂಕೋಚವಿಲ್ಲದೆ ಮಾತನಾಡಲು ಏರ್ಪಾಡು ಮಾಡಿದ್ದಾರೆ. ನಮ್ಮ ಸಮಾಜದ ತಾಯಂದಿರು ಇದನ್ನು ತಿಳಿದಿರಬೇಕು. ಮಗಳು ವೈದ್ಯೆಯೊಡನೆ ಹತ್ತು ನಿಮಿಷ ಒಬ್ಬಳೇ ಮಾತನಾಡಿದರೆ ಕುಲಗೌರವಕ್ಕೆ ಕುಂದು ಬರುವುದಿಲ್ಲ.

ಈಗ ನಮ್ಮ ಸಂಪ್ರದಾಯಕ್ಕೇ ಸಂಬಂಧಿಸಿದ ಒಂದು ಮಾತು. 2021ರಲ್ಲಿ ಉಡುಪಿಯ ಶ್ರೀ ಶೀರೂರು ಮಠಕ್ಕೆ ಹದಿನಾರರ ಪ್ರಾಯದ ವಟುವು ಸಂನ್ಯಾಸವನ್ನು ಸ್ವೀಕರಿಸಿ ಪೀಠಾಧಿಪತಿಗಳಾದರು. ಅಪ್ರಾಪ್ತವಯಸ್ಕರಿಗೆ ಸಂನ್ಯಾಸವು ಸಲ್ಲದೆಂದು ಕರ್ನಾಟಕ ಉಚ್ಚನ್ಯಾಯಾಲಯದಲ್ಲಿ ಅರ್ಜಿ ಬಂದಿತು. ಹದಿನೆಂಟಕ್ಕೆ ಮೊದಲು ಸಂನ್ಯಾಸವನ್ನು ನಿಷೇಧಿಸುವ ಕಾನೂನು ಇಲ್ಲವೆಂದು ನ್ಯಾಯಾಲಯವು ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅರ್ಜಿಯನ್ನು ವಜಾಮಾಡಿತು. ಅಷ್ಟಮಠಗಳಲ್ಲಿ ಬಾಲಸಂನ್ಯಾಸವು ತಲೆತಲಾಂತರದಿಂದ ನಡೆದುಬಂದುದು. ಅದರ ಔಚಿತ್ಯವನ್ನು ಚರ್ಚಿಸುವುದು ಇಲ್ಲಿ ಪ್ರಕೃತವಲ್ಲ. ನಮ್ಮ ಪ್ರಶ್ನೆ ಬೇರೆ. ಮನೆ, ಬಂಧು, ವಿವಾಹ, ಸಂತಾನ ಎಲ್ಲವನ್ನೂ ಆಜೀವ ಪರಿತ್ಯಜಿಸುವ ಸಂಕಲ್ಪವನ್ನು ಹದಿನಾರರಲ್ಲಿ ಒಬ್ಬನು ಅರಿತು ಮಾಡಬಲ್ಲನೆಂದು ನಂಬುವ ಸಮಾಜವು, ಅದೇ ಪ್ರಾಯದ ತನ್ನ ಮಗನು ಗಂಟಲಿನ ಗ್ರಂಥಿಯನ್ನು ತೆಗೆಸುವ ವಿಷಯವನ್ನು ಅರಿಯಲಾರನೆಂದು ಹೇಗೆ ಹೇಳೀತು? ಒಬ್ಬ ಬಾಲಯತಿಗೆ ಶಸ್ತ್ರಚಿಕಿತ್ಸೆಯ ಅಗತ್ಯ ಬಂದಿತೆಂದು ಭಾವಿಸೋಣ. ಪೂರ್ವಾಶ್ರಮದ ಸಂಬಂಧಗಳೆಲ್ಲ ಕಳಚಿಹೋಗಿವೆ. ಆದರೂ ಆಸ್ಪತ್ರೆಯ ಕಾಗದವು ತಂದೆಯ ರುಜುವನ್ನು ಕೇಳುತ್ತದೆ. ಇದು ಹಾಸ್ಯಕ್ಕೆ ಹೇಳಿದ ಮಾತಲ್ಲ. ನಾವು ಎಳೆಯರ ತಿಳಿವಳಿಕೆಯನ್ನು ನಮಗೆ ಬೇಕಾದೆಡೆ ಹಿಗ್ಗಿಸಿ, ಬೇಡವಾದೆಡೆ ಕುಗ್ಗಿಸುತ್ತಿದ್ದೇವೆಯೇ ಎಂಬುದನ್ನು ಪ್ರಾಮಾಣಿಕವಾಗಿ ನೋಡಿಕೊಳ್ಳಬೇಕು.

ಹಾಗೆಂದು ಎಳೆಯರ ಬಾಯಿಂದ ಬಂದುದೆಲ್ಲ ಅಂತಿಮ ನಿರ್ಣಯವೆಂಬ ಪಕ್ಷವನ್ನೂ ನಾವು ಹಿಡಿಯಲಾರೆವು. ಇಂಗ್ಲೆಂಡಿನಲ್ಲಿ 1985ರಲ್ಲಿ ಅಲ್ಲಿಯ ಅತ್ಯುನ್ನತ ನ್ಯಾಯಪೀಠವು, ಹದಿನಾರು ತುಂಬದವರಾದರೂ ವಿಷಯವನ್ನು ಪೂರ್ಣವಾಗಿ ಅರಿಯಬಲ್ಲಷ್ಟು ಬುದ್ಧಿಯಿದ್ದರೆ ತಾವೇ ಚಿಕಿತ್ಸೆಗೆ ಒಪ್ಪಬಹುದೆಂದು ಗಿಲ್ಲಿಕ್ ಪ್ರಕರಣದಲ್ಲಿ ತೀರ್ಪಿತ್ತಿತು. ಆದರೆ ಅದೇ ದೇಶದಲ್ಲಿ 1990ರಲ್ಲಿ ಬೇರೊಂದು ಸಂಕಟ ಬಂದಿತು. ರಕ್ತವನ್ನು ಸ್ವೀಕರಿಸಬಾರದೆಂಬ ನಿಯಮವುಳ್ಳ ಕ್ರೈಸ್ತ ಪಂಗಡವೊಂದಕ್ಕೆ ಸೇರಿದ ಹದಿನೈದು ವರ್ಷದ ಹುಡುಗನಿಗೆ ರಕ್ತದ ಕ್ಯಾನ್ಸರು. ರಕ್ತ ಬೇಡವೆಂದು ತಂದೆತಾಯಿಗಳೂ ಹೇಳಿದರು, ಹುಡುಗನೂ ಹೇಳಿದನು. ತನಗೆ ಬರಲಿರುವ ಮರಣ ಎಂತಹದೆಂಬುದರ ಪೂರ್ಣ ಅರಿವು ಅವನಿಗಿಲ್ಲವೆಂದು ಕಂಡು, ನ್ಯಾಯಾಲಯವು ರಕ್ತ ಕೊಡಿಸಿತು. ಹದಿನೆಂಟು ತುಂಬಿದ ಮೇಲೆ ಅವನು ಮತ್ತೆ ನಿರಾಕರಿಸಿ ತೀರಿಕೊಂಡನು. ಆ ನ್ಯಾಯಾಧೀಶರ ಸ್ಥಾನದಲ್ಲಿ ನಾವಿದ್ದರೂ ರಕ್ತ ಕೊಡಿಸುತ್ತಿದ್ದೆವು. ಪ್ರಾಣ ಉಳಿದರೆ ತಾನೆ ಮುಂದೆ ಒಪ್ಪುವುದು, ಒಪ್ಪದಿರುವುದು. ಆದರೆ ಅಲ್ಲಿಯೂ ಹುಡುಗನನ್ನು ಕೇಳದೆ ನಿರ್ಣಯ ಮಾಡಲಿಲ್ಲವೆಂಬುದನ್ನು ಗಮನಿಸಬೇಕು. ಕೇಳಿ ಮೀರುವುದು ಬೇರೆ, ಕೇಳದೆ ಮಾಡುವುದು ಬೇರೆ. ಮೊದಲನೆಯದರಲ್ಲಿ ಹಿರಿಯರು ತಮ್ಮ ನಿರ್ಣಯಕ್ಕೆ ಕಾರಣವನ್ನು ಹೇಳಬೇಕಾಗುತ್ತದೆ. ಮುಂದೆ ಒಂದು ದಿನ ಆ ಮಗುವಿನ ಮುಖವನ್ನು ನೋಡಿ ಮತ್ತೊಮ್ಮೆ ಹೇಳಬೇಕಾಗಿಯೂ ಬರಬಹುದು.

ವ್ರತನಿಷ್ಠೆಗೂ ಚಿಕಿತ್ಸೆಗೂ ವಿರೋಧ ಬರುವ ಇಂತಹ ಸಂದರ್ಭಗಳು ನಮ್ಮಲ್ಲಿಯೂ ಇಲ್ಲದಿಲ್ಲ. ಜಿಲೆಟಿನ್ನಿನ ಕ್ಯಾಪ್ಸೂಲು ನುಂಗಲು ಮಡಿವಂತ ತರುಣನೊಬ್ಬನು ಹಿಂಜರಿಯಬಹುದು. ಅದಕ್ಕಿಂತ ಕಠಿಣವಾದುದು ಏಕಾದಶಿ. ನಮ್ಮ ಪರಿಚಯದ ಮನೆಯೊಂದರಲ್ಲಿ ಹದಿನೈದು ವರ್ಷದ ಹುಡುಗಿಗೆ ಬಾಲ್ಯದಲ್ಲಿಯೇ ಬರುವ ಬಗೆಯ ಸಕ್ಕರೆ ಕಾಯಿಲೆ. ದಿನವೂ ಇನ್ಸುಲಿನ್ ಚುಚ್ಚಿಕೊಳ್ಳಬೇಕು. ಅಜ್ಜಿಯದು ನಿರ್ಜಲ ಉಪವಾಸ. ಮೊಮ್ಮಗಳಿಗೆ ಅಜ್ಜಿಯಂತೆಯೇ ಮಾಡಬೇಕೆಂಬ ಹಂಬಲ. ಬೇಡವೆಂದು ತಾಯಿ ಗದರಿದರು. ಗದರಿದ್ದಕ್ಕೆ ಹುಡುಗಿಯು ಒಂದು ಏಕಾದಶಿಯಂದು ಊಟವನ್ನೂ ಚುಚ್ಚುಮದ್ದನ್ನೂ ಗುಟ್ಟಾಗಿ ಬಿಟ್ಟಳು. ದ್ವಾದಶಿಯ ಬೆಳಗ್ಗೆ ವಾಂತಿ, ಏದುಸಿರು. ಪಾರಣೆಯ ಹೊತ್ತಿಗೆ ಮನೆಯವರೆಲ್ಲ ಆಸ್ಪತ್ರೆಯಲ್ಲಿದ್ದರು.

ಚೇತರಿಸಿದ ಮೇಲೆ ತಂದೆಯು ಅವಳನ್ನು ವೈದ್ಯರ ಬಳಿಗೆ ಕರೆದೊಯ್ದು ತಾನು ಹೊರಗೆ ಬೆಂಚಿನಲ್ಲಿ ಕುಳಿತರು. ಒಳಗೆ ಅವಳೇ ಕೇಳಿದಳು. ವೈದ್ಯರು ಅವಳಿಗೇ ಉತ್ತರಿಸಿದರು. ಇನ್ಸುಲಿನ್ ತೆಗೆದುಕೊಂಡು ಉಣ್ಣದಿದ್ದರೆ ಸಕ್ಕರೆ ಇಳಿದು ಎಚ್ಚರ ತಪ್ಪುತ್ತದೆ, ಇನ್ಸುಲಿನ್ ಬಿಟ್ಟರೆ ರಕ್ತದಲ್ಲಿ ಆಮ್ಲ ಸೇರಿ ವಿಷವಾಗುತ್ತದೆ ಎಂದು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರಂತೆ. ಅಲ್ಲಿಂದ ನೇರವಾಗಿ ದೇವಸ್ಥಾನಕ್ಕೆ ಬಂದು, ಏಕಾದಶಿಯಂದು ಆಹಾರ ತೆಗೆದುಕೊಂಡರೆ ತನಗೆ ದೋಷವೋ ಎಂದು ನಮ್ಮ ತೀರ್ಥರೂಪರನ್ನು ಕೇಳಿದಳು. ನೀರು, ಬೇರು, ಹಣ್ಣು, ಹಾಲುಗಳೂ ಗುರುವಚನವೂ ಔಷಧವೂ ವ್ರತವನ್ನು ಕೆಡಿಸುವುದಿಲ್ಲವೆಂಬ ಸ್ಮೃತಿವಚನದ ಆಶಯವನ್ನು ಅವರು ತಿಳಿಸಿ, ನಿನಗೆ ಆಹಾರವು ಔಷಧದ ಇನ್ನೊಂದು ಅರ್ಧ ಎಂದರು. ಹುಡುಗಿಯು ಸ್ವಲ್ಪ ಹೊತ್ತು ಯೋಚಿಸಿ, “ಹಾಗಾದರೆ ಅನ್ನ ಬೇಡ, ಹಾಲು ಹಣ್ಣು ಸಾಕು, ಎಷ್ಟು ಬೇಕೆಂದು ಡಾಕ್ಟರಲ್ಲಿ ಕೇಳಿಕೊಳ್ಳುತ್ತೇನೆ” ಎಂದಳು. ವೈದ್ಯರು ಅಳತೆ ಬರೆದುಕೊಟ್ಟರು. ಅಜ್ಜಿಗೆ ಮೊದಲು ಒಪ್ಪಿಗೆಯಾಗಲಿಲ್ಲ. ಬಳಿಕ ತಾವೇ, “ನಿನ್ನ ಪಾಲಿನ ನಿರ್ಜಲವನ್ನೂ ನಾನೇ ಮಾಡುತ್ತೇನೆ ಮಗೂ, ನೀನು ಹಾಲು ಕುಡಿ” ಎಂದರಂತೆ. ಈಗ ದಶಮಿಯ ಸಾಯಂಕಾಲವೇ ಅವಳು ಮರುದಿನದ ಹೊತ್ತುಗಳನ್ನೂ ಅಳತೆಗಳನ್ನೂ ಪಂಚಾಂಗದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿಡುತ್ತಾಳೆ. ಕಣ್ಣು ಮಂಜಾದ ಅಜ್ಜಿ ಅದನ್ನು ಅವಳಿಂದಲೇ ಓದಿಸಿ ಕೇಳಿಕೊಳ್ಳುತ್ತಾರೆ.

ಶ್ರೀಕೃಷ್ಣಾರ್ಪಣಮಸ್ತು